ದಿನದ ಬೈಬಲ್ ಓದು: ನಮ್ಮ ಕರಾವಳಿಯವರಿಗೆ ತಿಳಿಯುವ ಹಾಗೆ ಟಿಪ್ಪಣಿ ಬರೆಯುವುದು ಹೇಗೆ?

ಕಾಳಿದಂಡೆ, ಕಾರವಾರ

ಎಲ್ಲರಿಗೂ ನಮಸ್ಕಾರ. ನಾವು ಕೆಲವು ಮನೆಯವರು ಸೇರಿ ದಿನಾ ಬೈಬಲ್ ಓದುತ್ತೇವೆ. ಬೆಳಿಗ್ಗೆ ಒಬ್ಬರು ಆ ದಿನದ ಭಾಗವನ್ನು ಓದಿ ವಾಟ್ಸಾಪಿನಲ್ಲಿ ದನಿ ಕಳಿಸುತ್ತಾರೆ. ಇನ್ನೊಬ್ಬರು ನಾಲ್ಕೈದು ಸಾಲಿನ ಟಿಪ್ಪಣಿ ಬರೆಯುತ್ತಾರೆ. ಸಂಜೆ ತೇರ್ಸ್ (ಜಪಮಾಲೆ ಪ್ರಾರ್ಥನೆ) ಮುಗಿದ ಮೇಲೆ ಯಾರಿಗೆ ಏನು ಹೊಳೆಯಿತೋ ಅದನ್ನು ಹೇಳುತ್ತಾರೆ. ನಮ್ಮಲ್ಲಿ ಕ್ಯಾಥೊಲಿಕರು ಜಾಸ್ತಿ, ಪ್ರೊಟೆಸ್ಟಂಟ್ ಸಭೆಯವರೂ ಇದ್ದಾರೆ. ಮನೆಯಲ್ಲಿ ಆಡುವುದು ಕೊಂಕಣಿ, ಓದುವುದು ಕನ್ನಡ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಅನುವಾದ.

ಓದು ಚೆನ್ನಾಗಿ ನಡೆದಿದೆ. ನನಗೆ ಚಿಂತೆ ಇರುವುದು ಟಿಪ್ಪಣಿಯ ಬಗ್ಗೆ. ಯಾವ ಭಾಗವೇ ಬರಲಿ, ಟಿಪ್ಪಣಿ ಮಾತ್ರ ಒಂದೇ ತರ. "ನಾವೂ ಹೀಗೆಯೇ ನಂಬಿಕೆ ಇಡಬೇಕು", "ನಾವೂ ಕ್ಷಮಿಸಬೇಕು". ತಪ್ಪು ಮಾತಲ್ಲ. ಆದರೆ ಓದಿದ ಭಾಗದಲ್ಲಿ ನಡೆದದ್ದೇನು ಎಂದು ಅದು ಹೇಳುವುದಿಲ್ಲ. ಕೇಳುವವರ ಪ್ರಶ್ನೆಗಳು ಬೇರೆಯೇ ಇವೆ. ಪಾರ್ಶ್ವವಾಯು ರೋಗಿಯನ್ನು ಮಾಡಿನಿಂದ ಇಳಿಸಿದ ಕಥೆ ಓದಿದ ದಿನ ಒಬ್ಬ ಅಜ್ಜಿ ಕೇಳಿದರು: "ಮಾಡು ಅಗೆಯುವುದು ಅಂದರೆ ಹೇಗೆ? ಹಂಚು ತೆಗೆದರೆ ಸಾಕಲ್ಲ?" ಸರಿಯಾದ ಪ್ರಶ್ನೆ ಅಲ್ವಾ? ನಮ್ಮ ಕಡೆ ಮಾಡು ಅಂದರೆ ಇಳಿಜಾರು, ಮೇಲೆ ಮಂಗಳೂರು ಹಂಚು. ಮಾರ್ಕನ 2ನೇ ಅಧ್ಯಾಯದ ಮನೆ ಹಾಗಿರಲಿಲ್ಲ. ಮಾಡು ಸಮತಟ್ಟು. ತೊಲೆಯ ಮೇಲೆ ಟೊಂಗೆ, ಅದರ ಮೇಲೆ ಗಟ್ಟಿ ಮಾಡಿದ ಮಣ್ಣು. ಹತ್ತಲು ಹೊರಗಿನಿಂದಲೇ ಮೆಟ್ಟಿಲು. ಅಗೆದರೆ ಕೆಳಗೆ ಕೂತವರ ತಲೆ ಮೇಲೆ ಮಣ್ಣು ಉದುರುತ್ತದೆ. ಆ ನಾಲ್ಕು ಜನ ಎಷ್ಟು ಗಡಿಬಿಡಿಯಲ್ಲಿದ್ದರು, ಮನೆಯವರಿಗೆ ಎಷ್ಟು ನಷ್ಟ ಆಯಿತು, ಯೇಸುಸ್ವಾಮಿ ಅದಕ್ಕೆ ಗದರಲಿಲ್ಲ ಎನ್ನುವುದೆಲ್ಲ ಇಷ್ಟು ತಿಳಿದ ಮೇಲೆ ಕಾಣಿಸುತ್ತದೆ.

ನನ್ನ ಅಭಿಪ್ರಾಯ ಇಷ್ಟು. ಟಿಪ್ಪಣಿ ಮೊದಲು ಅಲ್ಲಿ ನಡೆದದ್ದನ್ನು ಕಣ್ಣಿಗೆ ಕಾಣಿಸಬೇಕು. ಮೂಲದ ಊರನ್ನು ಕಾರವಾರ ಮಾಡಬಾರದು. ಮನಸ್ಸಿಗೆ ತಟ್ಟಿದ್ದನ್ನು ಅದಾದ ಮೇಲೆ ಬೇರೆಯಾಗಿ ಹೇಳೋಣ. ನೀವೆಲ್ಲ ಏನನ್ನುತ್ತೀರಿ? ನಿಮ್ಮ ಕಡೆ ಯಾವ ಭಾಗಗಳಲ್ಲಿ ಜನ ತಡವರಿಸುತ್ತಾರೆ?


ಗಾಳಿಮಳೆ, ಕುಮಟಾ

ಅಕ್ಕಾ, ಒಂದು ವಿರೋಧ ಇದೆ. ಅದೇ ಕಥೆಯನ್ನು ಲೂಕ 5:19ರಲ್ಲಿ ನೋಡಿ. ಅಲ್ಲಿ ಹಂಚು ಇದೆ! ಲೂಕನಿಗೆ ಗ್ರೀಕ್ ಪಟ್ಟಣಗಳ ಓದುಗರಿದ್ದರು, ಅವರಿಗೆ ಹಂಚಿನ ಮಾಡು ಗೊತ್ತಿತ್ತು, ಅದಕ್ಕೇ ಹಾಗೆ ಬರೆದ ಎಂದು ಹಲವು ವಿದ್ವಾಂಸರು ಹೇಳುತ್ತಾರೆ. ಸುವಾರ್ತೆ ಬರೆದವನೇ ತನ್ನ ಓದುಗರಿಗಾಗಿ ಮಾಡು ಬದಲಾಯಿಸಿದ್ದರೆ ನಾವು ಯಾಕೆ ಕಾರವಾರ ಮಾಡಬಾರದು? ಮಕ್ಕಳಿಗೆ ಹೇಳುವಾಗ ದಿನಾರಿ ಬದಲು ರೂಪಾಯಿ, ಗಲಿಲಾಯದ ಬದಲು ನಮ್ಮ ಕಡಲು ಅಂದರೆ ಕಥೆ ಬೇಗ ಮನಸ್ಸಿಗೆ ಇಳಿಯುತ್ತದೆ. ಅರ್ಥವಾಗುವುದು ಮುಖ್ಯ, ಅಲ್ವಾ?


ಬಲೆಮನೆ, ಬೈತಖೋಲ್

ನಾನು ಮೀನುಗಾರರ ಮನೆಯವನು. ಕುಮಟಾದ ತಮ್ಮನ ಮಾತಿಗೆ ಅರ್ಧ ಒಪ್ಪುತ್ತೇನೆ. ಕೆಲವು ಕಡೆ ಏನನ್ನೂ ಬದಲಿಸಬೇಕಾಗಿಲ್ಲ. ಅಲ್ಲಿರುವುದು ನಮ್ಮದೇ.

ಮತ್ತಾಯ 13:47 ಓದಿ. ಕಡಲಿಗೆ ಬಲೆ ಬಿಟ್ಟರು, ಎಲ್ಲ ಜಾತಿಯ ಮೀನು ಬಿತ್ತು, ತುಂಬಿದ ಮೇಲೆ ದಡಕ್ಕೆ ಎಳೆದರು, ಕೂತು ಆರಿಸಿದರು. ಇದು ರಂಪಣಿ. ಬೇರೆ ಯಾವ ಬಲೆಯೂ ಅಲ್ಲ. ಒಂದು ಹಗ್ಗದ ತುದಿ ದಡದಲ್ಲಿ ಇರುತ್ತದೆ. ದೋಣಿ ಬಲೆ ಬಿಡುತ್ತಾ ಅರ್ಧ ಚಂದ್ರನ ಹಾಗೆ ಸುತ್ತಿ ಇನ್ನೊಂದು ತುದಿಯನ್ನು ದಡಕ್ಕೆ ತರುತ್ತದೆ. ಎರಡೂ ಕಡೆ ಜನ ಸಾಲಾಗಿ ನಿಂತು ಎಳೆಯುತ್ತಾರೆ. ದೊಡ್ಡದು ರಂಪಣಿ, ಸಣ್ಣದು ಯೇಂಡಿ. 1970ರ ದಶಕದ ನಡುವೆ ಪರ್ಸೀನ್ (ಯಂತ್ರದ ದೋಣಿಯಿಂದ ಸುತ್ತಿ ಹಿಡಿಯುವ ಬಲೆ) ಬಂದ ಮೇಲೆ ರಂಪಣಿ ಬಹಳ ಕಡಿಮೆ ಆಯಿತು. ಈಗಿನ ಮಕ್ಕಳಲ್ಲಿ ಎಳೆದು ಗೊತ್ತಿರುವವರು ಕಡಿಮೆ. ನೋಡಿದವರಿಗೆ ಮಾತ್ರ ಈ ಸಾಮತಿ (ಹೋಲಿಕೆಯ ಕಥೆ) ಒಂದೇ ಸಲಕ್ಕೆ ತಿಳಿಯುತ್ತದೆ. ರಂಪಣಿ ಆರಿಸಿ ಹಿಡಿಯುವುದಿಲ್ಲ. ಸುತ್ತಿಗೆ ಬಂದದ್ದೆಲ್ಲ ದಡಕ್ಕೆ ಬರುತ್ತದೆ. ಆರಿಸುವ ಕೆಲಸ ದಡದಲ್ಲಿ. ಬಲೆ ನೀರಲ್ಲಿ ಇರುವಾಗ ಯಾರೂ ಆರಿಸುವುದಿಲ್ಲ. ಯೇಸುಸ್ವಾಮಿ ಹೇಳಿದ್ದೂ ಅದನ್ನೇ.

ಆದರೆ ಬೈಬಲಿನಲ್ಲಿ ಎಲ್ಲ ಬಲೆಯೂ ರಂಪಣಿ ಅಲ್ಲ. ಮಾರ್ಕ 1:16ರಲ್ಲಿ ಸಿಮೋನ, ಅಂದ್ರೆಯ ಹಾಕುತ್ತಿದ್ದದ್ದು ಬೀಸು ಬಲೆ. ಒಬ್ಬನೇ ನಿಂತು ಎಸೆಯುವುದು, ಬಡವನ ಬಲೆ. ಸ್ವಲ್ಪ ಮುಂದೆ ಯಾಕೋಬ, ಯೊವಾನ್ನ ದೋಣಿಯಲ್ಲಿ ಕೂತು ಬಲೆ ಸರಿಮಾಡುತ್ತಿದ್ದರು. ಅವರ ಅಪ್ಪನ ಹತ್ತಿರ ಕೂಲಿಯಾಳುಗಳೂ ಇದ್ದರು ಎಂದು 1:20 ಹೇಳುತ್ತದೆ. ಎರಡು ಮನೆಯ ಸ್ಥಿತಿ ಬೇರೆ ಬೇರೆ. ಗ್ರೀಕಿನಲ್ಲಿ ಬಲೆಗೆ ಬೇರೆ ಬೇರೆ ಹೆಸರಿದೆ. ಕನ್ನಡದಲ್ಲಿ ಎಲ್ಲವೂ ಸುಮ್ನೆ "ಬಲೆ" ಆದಾಗ ಈ ವ್ಯತ್ಯಾಸ ಹೋಗುತ್ತದೆ. ಇದಕ್ಕೆ ಟಿಪ್ಪಣಿ ಬೇಕು.

ಲೂಕ 5ರಲ್ಲಿ ರಾತ್ರಿಯೆಲ್ಲ ದುಡಿದು ಬೆಳಿಗ್ಗೆ ಬಲೆ ತೊಳೆಯುತ್ತಿದ್ದರು ಅಂತ ಇದೆಯಲ್ಲ, ಅದೂ ಹಾಗೆ. ನೈಲಾನ್ ಬರುವ ಮುಂಚೆ ನೂಲಿನ ಬಲೆಯನ್ನು ತೊಳೆದು ಒಣಗಿಸದಿದ್ದರೆ ಕೊಳೆಯುತ್ತಿತ್ತು. ಬಲೆ ತೊಳೆದಾಯಿತು ಅಂದರೆ ಆ ದಿನದ ಕೆಲಸ ಮುಗಿಯಿತು. ಆಗ ಯೇಸುಸ್ವಾಮಿ ಮತ್ತೆ ಬಲೆ ಬಿಡಿ ಎಂದರು. ಪೇತ್ರ ಒಪ್ಪಿಕೊಂಡದ್ದು ಸಣ್ಣ ವಿಷಯ ಅಲ್ಲ. ಮತ್ತೆ ಒದ್ದೆ ಬಲೆ, ಮತ್ತೆ ತೊಳೆಯುವುದು, ಅದೂ ನಿದ್ದೆಗೆಟ್ಟ ಮೇಲೆ.


ಕಾಳಿದಂಡೆ, ಕಾರವಾರ

ಬಲೆಮನೆ ಅಣ್ಣ, ಇಂಥ ಮಾತೇ ನನಗೆ ಬೇಕಿತ್ತು. ಪೇತ್ರನ ವಿಧೇಯತೆ ಬಗ್ಗೆ ಪ್ರಬೋಧನೆಯಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಒದ್ದೆ ಬಲೆ ಮತ್ತೆ ತೊಳೆಯಬೇಕಾದ ಕಷ್ಟ ಯಾರೂ ಹೇಳಿರಲಿಲ್ಲ.

ಒಂದು ಕೇಳಬೇಕು. ಮತ್ತಾಯ 13:48ರಲ್ಲಿ "ಕೆಟ್ಟ" ಮೀನು ಎಸೆದರು ಎಂದು ಬರುತ್ತದೆ. ನಮ್ಮ ಮಕ್ಕಳು ಕೇಳುತ್ತಾರೆ, ಈಗಷ್ಟೇ ಹಿಡಿದ ಮೀನು ಕೆಡುವುದು ಹೇಗೆ ಅಂತ. ಯಾಜಕಕಾಂಡ 11ರಲ್ಲಿ ರೆಕ್ಕೆ, ಪೊರೆ ಇಲ್ಲದ ಜಲಪ್ರಾಣಿ ತಿನ್ನಬಾರದು ಎಂಬ ನಿಯಮ ಇದೆ. ಗಲಿಲಾಯದ ನೀರಿನಲ್ಲಿ ಪೊರೆಯಿಲ್ಲದ ಮೀನೂ ಇವೆ. ಆ ಆರಿಸುವಿಕೆ ಹಾಗಿರಬೇಕು, ಅಲ್ವಾ? ಕೆಲಸಕ್ಕೆ ಬಾರದ ಮೀನು, ಕೊಳೆತದ್ದಲ್ಲ.

ಕುಮಟಾದ ತಮ್ಮನಿಗೆ: ಲೂಕನ ಹಂಚಿನ ಮಾತು ಗಟ್ಟಿಯಾಗಿದೆ. ಅದನ್ನು ತಳ್ಳಿಹಾಕುವುದಿಲ್ಲ. ಆದರೆ ಅದೇ ಲೂಕ ಇನ್ನೊಂದು ಕೆಲಸವನ್ನೂ ಮಾಡಿದ್ದಾನೆ. ಮಾರ್ಕ, ಮತ್ತಾಯ ಗಲಿಲಾಯ "ಸಮುದ್ರ" ಅಂದರೆ ಲೂಕ ಅದನ್ನು ಸರೋವರ ಎನ್ನುತ್ತಾನೆ. ನಿಜವಾದ ಸಮುದ್ರ ಕಂಡವರಿಗೆ ಬರೆಯುತ್ತಿದ್ದ, ಅದಕ್ಕೆ. ನಾವೂ ಸಮುದ್ರ ಕಂಡವರು. ಗಲಿಲಾಯ ಸಮುದ್ರ ಎಂದ ಕೂಡಲೇ ನಮ್ಮ ತಲೆಯಲ್ಲಿ ಅರಬ್ಬಿ ಸಮುದ್ರ, ಉಪ್ಪು, ಭರತ ಇಳಿತ. ಅಲ್ಲಿರುವುದು ಸಿಹಿ ನೀರು. ಉದ್ದ ಸುಮಾರು 21 ಕಿಲೋಮೀಟರ್, ಜಾಸ್ತಿ ಅಗಲ ಇರುವಲ್ಲಿ 13. ಕಾರವಾರದಿಂದ ಅಂಕೋಲೆ ಮುಟ್ಟುವಷ್ಟೂ ಉದ್ದ ಇಲ್ಲ. ಸಮುದ್ರ ಮಟ್ಟಕ್ಕಿಂತ 200 ಮೀಟರಿಗೂ ಕೆಳಗಿದೆ, ಸುತ್ತ ಗುಡ್ಡ. ಗುಡ್ಡದ ಕಡೆಯಿಂದ ಗಾಳಿ ತಟ್ಟನೆ ಬೀಳುತ್ತದೆ. ನಮ್ಮಲ್ಲಿ ಜೂನಿಗೆ ದೋಣಿ ಮೇಲೆ ಎಳೆದು ಕೂರುತ್ತೇವೆ. ಬಿರುಗಾಳಿಗೆ ಒಂದು ಕಾಲ ಇದೆ. ಅಲ್ಲಿ ಸಂಜೆ ಶಾಂತವಾಗಿ ಹೊರಟವರಿಗೆ ನಡುವೆಯೇ ಗಾಳಿ ಸಿಗಬಹುದು. ಮಾರ್ಕ 4ರ ಶಿಷ್ಯರು ಕೆಟ್ಟ ಹವೆ ನೋಡಿಯೂ ಹೊರಟ ದಡ್ಡರಲ್ಲ. ನಮ್ಮ ಕಡಲನ್ನು ಅಲ್ಲಿ ತಂದಿಟ್ಟರೆ ಅವರು ದಡ್ಡರಾಗಿಬಿಡುತ್ತಾರೆ.

1986ರಲ್ಲಿ ಬರ ಬಂದು ಆ ಸರೋವರದ ನೀರು ಇಳಿದಾಗ ಕೆಸರಿನಲ್ಲಿ ಒಂದು ಹಳೆ ದೋಣಿ ಸಿಕ್ಕಿತು. ಯೇಸುಸ್ವಾಮಿಯ ಕಾಲದ ಆಸುಪಾಸಿನದು. ಉದ್ದ ಎಂಟು ಮೀಟರಿಗೆ ಸ್ವಲ್ಪ ಜಾಸ್ತಿ, ಅಗಲ ಎರಡು ಮೀಟರಿಗೆ ಸ್ವಲ್ಪ ಜಾಸ್ತಿ. ಒಬ್ಬಿಬ್ಬರ ಪಾತಿ ದೋಣಿಗಿಂತ ದೊಡ್ಡದು, ಹತ್ತು ಹದಿಮೂರು ಜನ ಒತ್ತಿ ಕೂರಬಹುದು. ಇಂಥ ಅಳತೆ ಕೊಟ್ಟರೆ ಸಾಕು, ಬೈತಖೋಲಿನವರು ಉಳಿದದ್ದನ್ನು ತಾವೇ ಊಹಿಸಿಕೊಳ್ಳುತ್ತಾರೆ.


ತೋಟದಂಚು, ಶಿರಸಿ

ನಾನು ಕ್ರೈಸ್ತನಲ್ಲ. ಗೆಳೆಯರೊಬ್ಬರ ಜತೆ ಬೈಬಲ್ ಓದುತ್ತಿದ್ದೇನೆ, ಹಳೆಯ ಒಡಂಬಡಿಕೆಯೇ ನನಗೆ ಹೆಚ್ಚು ಹಿಡಿಸಿತು. ಹೊರಗಿನಿಂದ ಬಂದವನಿಗೆ ಎಲ್ಲಿ ಎಡವುತ್ತದೆ ಎಂದು ಹೇಳಿದರೆ ನಿಮಗೆ ಉಪಯೋಗ ಆಗಬಹುದು.

ನನಗೆ ದೊಡ್ಡ ತೊಡಕು ಮಳೆ. ಯೋವೇಲ 2:23ರಲ್ಲಿ, ಯಾಕೋಬ 5:7ರಲ್ಲಿ ಮುಂಗಾರು ಹಿಂಗಾರು ಎಂದು ಓದಿದೆ. ತುಂಬ ಸಂತೋಷವಾಯಿತು, ನಮ್ಮದೇ ಮಾತು. ಆದರೆ ಲೆಕ್ಕ ಕೂಡುತ್ತಿರಲಿಲ್ಲ. ಆಮೇಲೆ ಹುಡುಕಿ ಓದಿದಾಗ ತಿಳಿಯಿತು. ಆ ದೇಶದಲ್ಲಿ ಮೊದಲ ಮಳೆ ಬೀಳುವುದು ಅಕ್ಟೋಬರ್, ನವೆಂಬರಿನಲ್ಲಿ. ಆಗ ಉತ್ತು ಬಿತ್ತುತ್ತಾರೆ. ಚಳಿಗಾಲವೇ ಮಳೆಗಾಲ. ಕೊನೆಯ ಮಳೆ ಮಾರ್ಚ್, ಏಪ್ರಿಲಿನಲ್ಲಿ ಬಂದು ಕಾಳು ತುಂಬುತ್ತದೆ. ಆಮೇಲೆ ಬಾರ್ಲಿ ಕೊಯ್ಲು, ಅದರ ಹಿಂದೆ ಗೋದಿ ಕೊಯ್ಲು. ಮೇ ತಿಂಗಳಿಂದ ಸೆಪ್ಟೆಂಬರಿನ ತನಕ ಹನಿ ಇಲ್ಲ. ನಮ್ಮ ಲೆಕ್ಕಕ್ಕೆ ಪೂರಾ ತಿರುಗುಮುರುಗು.

ಈಗ 1 ಸಮುವೇಲ 12 ನೋಡಿ. ಜನ ಅರಸ ಬೇಕು ಎಂದು ಹಟ ಹಿಡಿದಿದ್ದಾರೆ. ಸಮುವೇಲ ಹೇಳುತ್ತಾನೆ, ಇದು ಗೋದಿ ಕೊಯ್ಲಿನ ಕಾಲವಲ್ಲವೇ, ದೇವರನ್ನು ಬೇಡುತ್ತೇನೆ, ಗುಡುಗು ಮಳೆ ಬರುತ್ತದೆ. ಬಂತು. ಜನ ನಡುಗಿದರು. ಗೋದಿ ಕೊಯ್ಲು ಅಂದರೆ ಮೇ ಕೊನೆ, ಜೂನ್ ಶುರು. ಆಗ ಶಿರಸಿಯಲ್ಲಿ ಗುಡುಗು ಬರದಿದ್ದರೆ ಜನ ನಡುಗುತ್ತಾರೆ! ನಮ್ಮ ತಿಂಗಳು ಇಟ್ಟುಕೊಂಡು ಓದಿದರೆ ಆ ಅಧ್ಯಾಯದ ಜೀವವೇ ಹೋಗುತ್ತದೆ. ಜ್ಞಾನೋಕ್ತಿ 26:1ರಲ್ಲಿ ಕೊಯ್ಲಿನ ಮಳೆಯನ್ನು ಬೇಸಿಗೆಯ ಹಿಮದ ಪಕ್ಕ ಇಟ್ಟಿದ್ದಾರೆ. ಆಗಲೇಬಾರದ ಸಂಗತಿ ಎಂಬ ಅರ್ಥದಲ್ಲಿ. ನಮಗೆ ಕೊಯ್ಲಿನ ಮಳೆ ಅಪರೂಪವೇನಲ್ಲ, ಭತ್ತ ಗದ್ದೆಯಲ್ಲೇ ಮೊಳೆಯುವುದನ್ನು ಎಷ್ಟು ಸಲ ಕಂಡಿಲ್ಲ.

ಮಳೆಯ ಅಳತೆಯೂ ಬೇರೆ. ಯೆರೂಸಲೇಮಿನಲ್ಲಿ ವರ್ಷಕ್ಕೆ ಸುಮಾರು 550 ಮಿಲಿಮೀಟರ್. ನಮ್ಮ ಕರಾವಳಿಯಲ್ಲಿ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಜಾಸ್ತಿ ಸುರಿಯುತ್ತದೆ. ಅಡಿಕೆ ಬೆಳೆಯುವವನಿಗೆ ಆಗಸ್ಟ್ ಮಳೆ ಅಂದರೆ ಕೊಳೆ ರೋಗದ ಭಯ, ಬೋರ್ಡೋ ಔಷಧಿ ಹೊಡೆಯಲು ಒಂದು ಬಿಸಿಲು ಸಿಕ್ಕರೆ ಸಾಕು ಎಂಬ ಪ್ರಾರ್ಥನೆ. ಕೀರ್ತನೆಗಳಲ್ಲಿ ಮಳೆ ಎಂದರೆ ಬದುಕು, ಆಕಾಶ ಮುಚ್ಚಿದರೆ ಶಾಪ. ಆ ಬಾಯಾರಿಕೆ ನಮಗೆ ಸುಲಭವಾಗಿ ಗೊತ್ತಾಗುವುದಿಲ್ಲ.

ಒಂದು ಕಡೆ ಮಾತ್ರ ಯಾವ ಟಿಪ್ಪಣಿಯೂ ಬೇಡ. ಎಲೀಯನ ಕಥೆಯಲ್ಲಿ ಸಮುದ್ರದ ಕಡೆಯಿಂದ ಅಂಗೈಯಷ್ಟು ಮೋಡ ಏಳುತ್ತದೆ. ಲೂಕ 12:54ರಲ್ಲಿ ಪಡುವಣದಲ್ಲಿ ಮೋಡ ಕಂಡರೆ ಮಳೆ ಅನ್ನುತ್ತೀರಲ್ಲ ಎಂದು ಯೇಸು ಕೇಳುತ್ತಾರೆ. ಅವರಿಗೂ ಸಮುದ್ರ ಪಡುವಣಕ್ಕೆ, ನಮಗೂ ಪಡುವಣಕ್ಕೆ. ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಇದು ನೇರ ತಿಳಿಯುತ್ತದೆ.


ಗಾಳಿಮಳೆ, ಕುಮಟಾ

ಶಿರಸಿಯವರ ಮಾತು ಕೇಳಿ ನನ್ನ ವಾದ ಸ್ವಲ್ಪ ಸಡಿಲವಾಯಿತು. ಸಮುವೇಲನ ಮಳೆಯನ್ನು ಕುಮಟೆಗೆ ತಂದರೆ ಪವಾಡ ಉಳಿಯುವುದಿಲ್ಲ, ಒಪ್ಪಿದೆ. ಆದರೆ ಮುಂಗಾರು ಹಿಂಗಾರು ಎಂದು ಹಾಕಿದ ಅನುವಾದಕರದ್ದು ತಪ್ಪೇ? ಮತ್ತೇನು ಹಾಕಬೇಕಿತ್ತು?


ಸಭೆಯ ಸೇವಕ, ಅಂಕೋಲಾ

ತಪ್ಪಲ್ಲ ತಮ್ಮಾ. ಮೊದಲ ಮಳೆ, ಕೊನೆಯ ಮಳೆ ಎಂಬ ಅರ್ಥಕ್ಕೆ ಕನ್ನಡದ ರೈತನ ಬಾಯಲ್ಲಿ ಇರುವ ಮಾತೇ ಅದು. ತಿಂಗಳು ಹೇಳುವುದು ಟಿಪ್ಪಣಿಯ ಕೆಲಸ. ಅನುವಾದದ ಸಾಲಿನೊಳಗೆ ಭೂಗೋಳ ತುಂಬಿದರೆ ಓದಲು ಆಗುವುದಿಲ್ಲ.

ಈ ಅನುವಾದಗಳ ಹಿಂದೆ ಎಷ್ಟು ದುಡಿಮೆ ಇದೆ ಎಂದು ನಮ್ಮ ಯುವಕರಿಗೆ ತಿಳಿಯಬೇಕು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಗೆ ಬಂದರು. ಇಡೀ ಬೈಬಲ್ ಕನ್ನಡದಲ್ಲಿ ಬಂದದ್ದು 1830ರ ದಶಕದ ಆರಂಭದಲ್ಲಿ. ಹತ್ತಿರ ಹತ್ತಿರ ಇಪ್ಪತ್ತು ವರ್ಷ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು, ಅವರಲ್ಲೂ ಗಾಟ್‌ಫ್ರೀಡ್ ವೀಗ್ಲೆ, ಅದನ್ನು ಮತ್ತೆ ಕೂತು ತಿದ್ದಿದರು. ನಂತರವೂ ತಿದ್ದುವುದು ನಿಂತಿಲ್ಲ. ಸ್ಥಳೀಯ ಪಂಡಿತರು, ಮುನ್ಷಿಗಳು ಪಕ್ಕದಲ್ಲಿ ಕೂತು ದುಡಿದರು. ಅವರಲ್ಲಿ ಹೆಚ್ಚಿನವರ ಹೆಸರನ್ನು ನಾವು ಹೇಳುವುದೇ ಇಲ್ಲ.

ಸರಳ ಭಾಷೆಗಾಗಿ ಪಟ್ಟು ಹಿಡಿದವರಲ್ಲಿ ಪಂಡಿತಾ ರಮಾಬಾಯಿಯನ್ನು ನಾನು ಸದಾ ನೆನೆಯುತ್ತೇನೆ. ಹುಟ್ಟಿದ್ದು 1858ರಲ್ಲಿ, ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ. ಸಂಸ್ಕೃತದಲ್ಲಿ ಪಂಡಿತೆ. ಹೀಬ್ರೂ, ಗ್ರೀಕ್ ಕಲಿತು ಇಡೀ ಬೈಬಲನ್ನು ಮರಾಠಿಗೆ ತಂದರು. ಬೇಕೆಂದರೆ ಪಂಡಿತರು ತಲೆದೂಗುವ ಮರಾಠಿ ಬರೆಯಬಹುದಿತ್ತು. ಹಳ್ಳಿಯ ಹೆಂಗಸರಿಗೆ ತಿಳಿಯಬೇಕು ಎಂದು ಸರಳವಾಗಿ ಬರೆದರು. 1922ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಕೆಲಸ ಮುಗಿಸಿದ್ದರು.

ಕಾಳಿದಂಡೆ ಅಕ್ಕನವರ ಪ್ರಶ್ನೆಗೆ ನೆಹೆಮೀಯ 8ರಲ್ಲಿ ಉತ್ತರ ಇದೆ. ಎಜ್ರನು ಬೆಳಗಿನಿಂದ ಮಧ್ಯಾಹ್ನದ ತನಕ ಗ್ರಂಥ ಓದಿದನು. ದೇವಾಲಯದ ಸೇವೆಯ ಲೇವಿಯರು ಜನರ ನಡುವೆ ನಿಂತು ಅರ್ಥ ಬಿಡಿಸಿ ಹೇಳಿದರು, ಓದಿದ್ದು ಜನರಿಗೆ ತಿಳಿಯಿತು. ಮೊದಲು ಸ್ಪಷ್ಟವಾಗಿ ಓದು, ಆಮೇಲೆ ಅರ್ಥ. ಜನ ಅತ್ತದ್ದು ಅರ್ಥವಾದ ಮೇಲೆ. ಅಳಬೇಕು ಎಂದು ಯಾರೂ ಹೇಳಿಕೊಡಲಿಲ್ಲ. ನಮ್ಮ ಟಿಪ್ಪಣಿಗಳಲ್ಲಿ ಆ ನಂಬಿಕೆ ಕಡಿಮೆಯಾಗಿದೆ ಎಂದು ನನಗನಿಸುತ್ತದೆ. ವಾಕ್ಯ ತಾನೇ ಕೆಲಸ ಮಾಡುತ್ತದೆ ಎಂದು ಬಿಟ್ಟುಕೊಡುವುದಿಲ್ಲ, ನಾವೇ ಮುಗಿಸಿಬಿಡುತ್ತೇವೆ.


ಬಿಳಿಹೊಲ, ಹಳಿಯಾಳ

ನಾನು ಶಾಲೆಯಲ್ಲಿ ಕಲಿಸುತ್ತೇನೆ, ಭಾನುವಾರ ಚರ್ಚಿನಲ್ಲಿ ಮಕ್ಕಳಿಗೆ ಪಾಠ. ನಮ್ಮ ಮಕ್ಕಳಲ್ಲಿ ಸಿದ್ದಿ ಮನೆಗಳವರೂ ಇದ್ದಾರೆ. ಅವರ ಮನೆಮಾತು ಕೊಂಕಣಿಗೆ ಹತ್ತಿರದ್ದು, ಶಾಲೆಯದ್ದು ಕನ್ನಡ. ನನಗೆ ಗೊತ್ತಿರುವ ಒಂದೇ ಪರೀಕ್ಷೆ: ಜೋರಾಗಿ ಓದಿಸುವುದು. ಮಗು ಎಲ್ಲಿ ಉಸಿರು ತಪ್ಪುತ್ತದೋ ಅಲ್ಲಿ ಕೇಳುವವರಿಗೂ ಅರ್ಥ ತಪ್ಪಿರುತ್ತದೆ.

ಪೌಲನ ಪತ್ರಗಳಲ್ಲಿ ಇದು ಜಾಸ್ತಿ. ಎಫೆಸದವರಿಗೆ ಬರೆದ ಪತ್ರದ 1:3ರಿಂದ 14ರ ತನಕ ಗ್ರೀಕಿನಲ್ಲಿ ಒಂದೇ ವಾಕ್ಯ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಅಷ್ಟು ಉದ್ದ ವಾಕ್ಯ ಕಟ್ಟಿದರೆ ಯಾರು ಏನು ಮಾಡಿದರು ಎಂದು ತಿಳಿಯಲು ಕೊನೆಯ ತನಕ ಕಾಯಬೇಕು. ಅಷ್ಟರಲ್ಲಿ ಶುರು ಮರೆತಿರುತ್ತದೆ. ಹೊಸ ಅನುವಾದಗಳು ಒಡೆದು ಬರೆದಿವೆ. ನಾನು ಒಡೆದದ್ದನ್ನೇ ಓದಿಸುತ್ತೇನೆ. ಹಳೆಯದನ್ನು ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ.

ಇನ್ನೊಂದು ತೊಡಕು ಸರ್ವನಾಮದ್ದು. ಕ್ಯಾಥೊಲಿಕ್ ಅನುವಾದದಲ್ಲಿ ಯೇಸುಸ್ವಾಮಿಗೆ ಗೌರವದಿಂದ "ಅವರು" ಎನ್ನುತ್ತೇವೆ. ಹಳೆಯ ಪ್ರೊಟೆಸ್ಟಂಟ್ ಅನುವಾದದಲ್ಲಿ "ಆತನು". ನನಗೆ ಗೌರವದ ರೂಪವೇ ಇಷ್ಟ, ನಮ್ಮೂರಿನಲ್ಲಿ ಹಿರಿಯರನ್ನು ಏಕವಚನದಲ್ಲಿ ಕರೆದರೆ ಕಿವಿಗೆ ಚುಚ್ಚುತ್ತದೆ. ಆದರೆ ಗುಂಪೂ "ಅವರು", ಶಿಷ್ಯರೂ "ಅವರು". "ಅವರು ಅವರಿಗೆ ಹೇಳಿದರು" ಎಂದಾಗ ಮಗು ಯಾರು ಯಾರಿಗೆ ಎಂದು ಕೇಳದೆ ಇರುತ್ತದೆಯೇ? ಓದಿ ದನಿ ಕಳಿಸುವವರು ಅಂಥ ಕಡೆ ಹೆಸರು ಸೇರಿಸಿ ಓದಿದರೆ ತಪ್ಪೇನೂ ಇಲ್ಲ ಎಂದು ನನ್ನ ಭಾವನೆ. ಅಂಕೋಲೆಯ ಪಾಸ್ಟರು ಒಪ್ಪುತ್ತಾರೋ ಗೊತ್ತಿಲ್ಲ.


ಸಭೆಯ ಸೇವಕ, ಅಂಕೋಲಾ

ವೇದಿಕೆಯಿಂದ ಓದುವಾಗ ಒಪ್ಪುವುದಿಲ್ಲ ಮೇಡಂ, ಅಲ್ಲಿ ಪುಸ್ತಕದಲ್ಲಿ ಇದ್ದದ್ದು ಇದ್ದ ಹಾಗೆ. ಮನೆಯಲ್ಲಿ ಮಕ್ಕಳಿಗೆ ಓದುವಾಗ ಖಂಡಿತ ಸೇರಿಸಿ. "ಆತನು" ಎಂಬುದರಲ್ಲಿ ಅಗೌರವ ಇಲ್ಲ ಎಂಬುದೂ ಒಂದು ಮಾತು. ಹಳೆಗನ್ನಡದಿಂದ ದೇವರನ್ನು ಏಕವಚನದಲ್ಲೇ ಕರೆದಿದ್ದೇವೆ. ವಚನಕಾರರು ನೀನು ಎಂದೇ ಕರೆದರು. ನಮ್ಮ ಸಭೆಯ ಹಿರಿಯರಿಗೆ ಅದರಲ್ಲಿ ಸಲುಗೆ, ಪ್ರೀತಿ ಕೇಳಿಸುತ್ತದೆ.


ಶರಾವತಿ ತೀರ, ಹೊನ್ನಾವರ

ಎಲ್ಲರ ಮಾತನ್ನೂ ಓದಿದೆ. ವಯಸ್ಸಾದವನ ಒಂದು ಕಳಕಳಿ ಹೇಳುತ್ತೇನೆ. ಸರಳ, ಸ್ಪಷ್ಟ ಎನ್ನುತ್ತಾ ಬಾಯಿಪಾಠದ ಮಾತುಗಳನ್ನು ಕಳೆದುಕೊಳ್ಳಬೇಡಿ. "ಯೆಹೋವನು ನನಗೆ ಕುರುಬನು, ಕೊರತೆಪಡೆನು." ಈ ಸಾಲನ್ನು ಕಾಯಿಲೆಯ ಹಾಸಿಗೆಯಲ್ಲಿ ಹೇಳಿಕೊಂಡವರನ್ನು ನಾನು ನೋಡಿದ್ದೇನೆ. "ಕೊರತೆಪಡೆನು" ಎಂದು ಈಗ ಯಾರೂ ಮಾತಾಡುವುದಿಲ್ಲ, ನಿಜ. ಆದರೆ ಅರ್ಥ ತಿಳಿಯದವರೂ ಯಾರೂ ಇಲ್ಲ. ಒಂದೇ ಪದದಲ್ಲಿ ಮುಗಿಯುತ್ತದೆ, ಉಸಿರಿಗೆ ಸರಿಯಾಗಿ ಕೂರುತ್ತದೆ. ಕಥೆ, ಪತ್ರಗಳಿಗೆ ಹೊಸ ಅನುವಾದ ಇರಲಿ. ಕೀರ್ತನೆಗೆ ಹಳೆಯದು ಇರಲಿ ಎಂಬುದು ನನ್ನ ಬೇಡಿಕೆ.

ನಮ್ಮ ಜನಕ್ಕೆ ಈ ಕಥೆಗಳು ಮೊದಲು ಕಿವಿಯಿಂದಲೇ ಬಂದವು. ಗೋವೆಯಲ್ಲಿ ಥಾಮಸ್ ಸ್ಟೀಫನ್ಸ್ ಎಂಬ ಪಾದ್ರಿ 1616ರಲ್ಲಿ ಕ್ರಿಸ್ತಪುರಾಣ ಅಚ್ಚು ಹಾಕಿಸಿದರು. ಓವಿ ಎಂಬ ಮರಾಠಿ ಛಂದಸ್ಸಿನಲ್ಲಿ, ಕೊಂಕಣಿ ಬೆರೆತ ಮರಾಠಿಯಲ್ಲಿ, ಹಾಡಿ ಕೇಳುವ ಹಾಗೆ. ಊರಿನ ಜನರ ಕಿವಿಗೆ ಪರಿಚಯ ಇದ್ದ ಮಟ್ಟು ಅದು. ಕ್ಯಾಥೊಲಿಕರ ಪೂಜೆ ಜನರ ಭಾಷೆಯಲ್ಲಿ ಆಗುವ ದಾರಿ ತೆರೆದದ್ದು 1963ರಲ್ಲಿ, ಎರಡನೇ ವ್ಯಾಟಿಕನ್ ಸಮ್ಮೇಳನದಿಂದ. ಅದಕ್ಕೂ ಮುಂಚೆ ನಮ್ಮ ಹಿರಿಯರು ಲ್ಯಾಟಿನ್ ಕೇಳಿದರು, ಮನೆಯಲ್ಲಿ ಕೊಂಕಣಿಯಲ್ಲಿ ಪ್ರಾರ್ಥಿಸಿದರು. ಮಗುವಿನ ಕಾಲದಲ್ಲಿ ಆ ಬದಲಾವಣೆ ಕಂಡವನು ನಾನು. ಶುಭಸಂದೇಶ ಅರ್ಥವಾಗುತ್ತಿದೆ ಎಂದು ಹೆಂಗಸರು ಇಗರ್ಜಿಯಿಂದ ಹೊರಗೆ ಬಂದು ಒಬ್ಬರಿಗೊಬ್ಬರು ಹೇಳಿಕೊಂಡ ದಿನಗಳು. ನೀವು ಈಗ ಮಾಡುತ್ತಿರುವ ಓದು ಅದರ ಮುಂದಿನ ಕೆಲಸವೇ.


ಬಿಳಿಹೊಲ, ಹಳಿಯಾಳ

ಅಂಕಲ್, ಕೀರ್ತನೆ 23ರ ಹಳೆಯ ಸಾಲನ್ನು ನಾನೂ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇನೆ. ಟಿಪ್ಪಣಿ ಮಾತ್ರ ಕೊಡುತ್ತೇನೆ, ಯಾಕೆ ಅಂದರೆ ಕುರುಬ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವ ಚಿತ್ರ ಬೇರೆ. ಸುಗ್ಗಿ ಮುಗಿದ ಮೇಲೆ ನಮ್ಮ ಕಡೆ ಕುರಿ ಹಿಂಡು ಬರುತ್ತವೆ. ಗೊಬ್ಬರಕ್ಕೆಂದು ರೈತರು ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತಾರೆ. ಕುರಿ ಕಾಯುವವರು ಹೆಚ್ಚಾಗಿ ಹಿಂದಿನಿಂದ ಅಟ್ಟಿಕೊಂಡು ಬರುತ್ತಾರೆ. ಯೊವಾನ್ನ 10:4ರಲ್ಲಿ ಕುರಿಗಾಹಿ ಮುಂದೆ ನಡೆಯುತ್ತಾನೆ, ಕುರಿಗಳು ದನಿ ಗುರುತಿಸಿ ಹಿಂದೆ ಬರುತ್ತವೆ. ಅದು ಗೊತ್ತಾದ ಮೇಲೆ ಮಕ್ಕಳಿಗೆ ಅದೇ ಕೀರ್ತನೆಯ ಕತ್ತಲ ಕಣಿವೆಯ ಸಾಲು ಬೇರೆಯಾಗಿ ಕೇಳಿಸಿತು. ಕಾರವಾರದ ಮಕ್ಕಳಿಗೆ ಕುರಿಯೇ ಅಪರೂಪ, ಆಡು ನೋಡಿರುತ್ತಾರೆ. ಅವರಿಗೆ ಇನ್ನೂ ಸ್ವಲ್ಪ ಬಿಡಿಸಿ ಹೇಳಬೇಕಾದೀತು.


ಹೊಸ ಓದುಗ, ಭಟ್ಕಳ

ದೊಡ್ಡವರ ನಡುವೆ ಒಂದು ಸಣ್ಣ ಪ್ರಶ್ನೆ. ದಿನಾ ಎಷ್ಟು ಓದಬೇಕು? ವರ್ಷದಲ್ಲಿ ಇಡೀ ಬೈಬಲ್ ಮುಗಿಸುವ ಪಟ್ಟಿ ಇಟ್ಟುಕೊಂಡಿದ್ದೇನೆ. ಮೋಶೆಯ ಪುಸ್ತಕಗಳ ಹತ್ತಿರ ಬಂದಾಗ ಓದು ಓಟ ಆಗುತ್ತಿದೆ. ನಿಂತು ಯೋಚಿಸಲು ಆಗುತ್ತಿಲ್ಲ.


ಕಾಳಿದಂಡೆ, ಕಾರವಾರ

ಸಣ್ಣ ಪ್ರಶ್ನೆ ಅಲ್ಲ. ಪ್ರೊಟೆಸ್ಟಂಟ್ ಬೈಬಲಿನಲ್ಲಿ 1189 ಅಧ್ಯಾಯ. ವರ್ಷಕ್ಕೆ ಮುಗಿಸಬೇಕಾದರೆ ದಿನಕ್ಕೆ ಮೂರಕ್ಕಿಂತ ಜಾಸ್ತಿ. ನಮ್ಮ ಕ್ಯಾಥೊಲಿಕ್ ಬೈಬಲಿನಲ್ಲಿ 73 ಪುಸ್ತಕ, ಇನ್ನೂ ಜಾಸ್ತಿ. ಒಮ್ಮೆಯಾದರೂ ಪೂರ್ತಿ ಓದುವುದು ಒಳ್ಳೆಯದೇ, ಇಡೀ ಕಥೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ತಿಳಿಯುತ್ತದೆ. ಆದರೆ ಅದು ಧ್ಯಾನದ ಓದು ಅಲ್ಲ. ಎರಡನ್ನೂ ಒಂದರಲ್ಲೇ ಮಾಡಲು ಹೋದರೆ ಎರಡೂ ಕೆಡುತ್ತವೆ.

ನೀವು ಮಾರ್ಕನಿಂದ ಶುರು ಮಾಡಿ. 16 ಅಧ್ಯಾಯ, ನಾಲ್ಕರಲ್ಲಿ ಎಲ್ಲಕ್ಕಿಂತ ಚಿಕ್ಕ ಶುಭಸಂದೇಶ. ಒಂದು ಘಟನೆ ಮುಗಿಯುವ ತನಕ ಓದಿ ನಿಲ್ಲಿಸಿ. ಅಧ್ಯಾಯದ ಗೆರೆಗೆ ಅಷ್ಟು ಬೆಲೆ ಕೊಡಬೇಡಿ. ಅಧ್ಯಾಯ ಹಂಚಿದ್ದು 13ನೇ ಶತಮಾನದಲ್ಲಿ, ಹೊಸ ಒಡಂಬಡಿಕೆಗೆ ವಚನದ ಸಂಖ್ಯೆ ಹಾಕಿದ್ದು 1551ರಲ್ಲಿ. ಬರೆದವರು ಹಾಕಿದ್ದಲ್ಲ. ನಮ್ಮ ಗುಂಪು ಪೂಜೆಯ ದಿನದ ವಾಚನವನ್ನು ಅನುಸರಿಸುತ್ತದೆ. ಸಾಧಾರಣ ಕಾಲದ (ದೊಡ್ಡ ಹಬ್ಬದ ಕಾಲಗಳನ್ನು ಬಿಟ್ಟು ಉಳಿದ ವಾರಗಳ) ಮೊದಲ ವಾರಗಳಲ್ಲಿ ಮಾರ್ಕ, ನಂತರ ಮತ್ತಾಯ, ಕೊನೆಗೆ ಲೂಕ. ಊರಿನ ಬೇರೆಯವರೂ ಅದೇ ದಿನ ಅದನ್ನೇ ಓದುತ್ತಾರೆ ಎನ್ನುವುದು ನನಗೆ ದೊಡ್ಡ ಬಲ. ಮೀನು ಪೇಟೆಯಲ್ಲಿ ಸಿಕ್ಕವರ ಜತೆಗೂ ಅದರ ಬಗ್ಗೆ ಮಾತಾಡಬಹುದು.

ಓದಿದ ಮೇಲೆ ಒಂದು ಕೆಲಸ ಮಾಡಿ ನೋಡಿ. ಪುಸ್ತಕ ಮುಚ್ಚಿ, ಆ ಭಾಗವನ್ನು ಮನೆಯವರಿಗೆ ನಿಮ್ಮ ಮಾತಿನಲ್ಲಿ ಹೇಳಿ. ಹೇಳಲು ಬಾರದ ಕಡೆ ನಿಮಗೆ ಅರ್ಥವಾಗಿಲ್ಲ. ಅನುವಾದ ಮಾಡುವವರೂ ಹೀಗೇ ಪರೀಕ್ಷೆ ಮಾಡುತ್ತಾರೆ. ಮೊದಲು ಓದಿರದ ಊರವರಿಗೆ ಓದಿ ಹೇಳಿ, ಏನು ಕೇಳಿದಿರಿ ಎಂದು ಅವರ ಬಾಯಿಂದಲೇ ಹೇಳಿಸುತ್ತಾರೆ. ಅವರು ಹೇಳಿದ್ದು ಬೇರೆಯಾದರೆ ವಾಕ್ಯ ತಿದ್ದುತ್ತಾರೆ. ಕೇಳಿದವರನ್ನು ತಿದ್ದುವುದಿಲ್ಲ.

ಎಲ್ಲರ ಮಾತು ಕೇಳಿದ ಮೇಲೆ ಮುಂದಿನ ವಾರದ ಒಂದು ಭಾಗಕ್ಕೆ ಟಿಪ್ಪಣಿ ಬರೆದಿದ್ದೇನೆ. ತಿದ್ದಿ ಕೊಡಿ.

"ಮಾರ್ಕ 6:34-44. ಜನ ಹಸಿರು ಹುಲ್ಲಿನ ಮೇಲೆ ಕೂತರು. ನಮ್ಮ ಗುಡ್ಡ ಏಪ್ರಿಲಿನಲ್ಲಿ ಒಣಗಿ ಕೆಂಪಾಗಿರುತ್ತದೆ. ಅಲ್ಲಿ ಚಳಿಗಾಲದ ಮಳೆ ಮುಗಿದು ಆಗಲೇ ಹಸಿರು. ಮಾರ್ಚ್, ಏಪ್ರಿಲಿನಲ್ಲಿ ಬರುವ ಪಾಸ್ಕ ಹಬ್ಬ ಹತ್ತಿರ ಇತ್ತು ಎಂದು ಯೊವಾನ್ನ 6:4 ಹೇಳುತ್ತದೆ. ಶಿಷ್ಯರು ಇನ್ನೂರು ದಿನಾರಿಯ ರೊಟ್ಟಿ ಬೇಕಾದೀತು ಎಂದರು. ಒಂದು ದಿನಾರಿ ಒಬ್ಬ ಕೂಲಿಯವನ ಒಂದು ದಿನದ ಸಂಬಳ. ಜನರನ್ನು ನೋಡಿದಾಗ ಯೇಸುಸ್ವಾಮಿಗೆ ಕುರಿಗಾಹಿ ಇಲ್ಲದ ಕುರಿಗಳ ಹಾಗೆ ಕಂಡರು. ಮೊದಲು ಬಹಳ ಹೊತ್ತು ಬೋಧಿಸಿದರು, ಊಟದ ಮಾತು ಬಂದದ್ದು ಹೊತ್ತು ಇಳಿದ ಮೇಲೆ."


ಬಲೆಮನೆ, ಬೈತಖೋಲ್

ಚೆನ್ನಾಗಿದೆ ತಂಗಿ. ಎರಡು ಮೀನಿನ ವಿಷಯ ಬಿಟ್ಟಿದ್ದೀರಿ. ಯೊವಾನ್ನನಲ್ಲಿ ಆ ಮೀನಿಗೆ ಬಳಸಿದ ಮಾತು ರೊಟ್ಟಿಯ ಜತೆ ನಂಜಿಕೊಳ್ಳುವ ಮೀನಿಗೆ ಹೇಳುವಂಥದ್ದು ಎಂದು ಫಾದರ್ ಒಬ್ಬರು ಹೇಳಿದ್ದರು. ಹಸಿ ಮೀನಲ್ಲ, ಒಣ ಅಥವಾ ಉಪ್ಪು ಮೀನು ಇದ್ದಿರಬೇಕು. ಸೇರಿಸಿ. ನಮ್ಮವರು ಅಷ್ಟು ಹೊತ್ತು ಹಸಿ ಮೀನು ಬಿಸಿಲಲ್ಲಿ ಹೇಗೆ ಇಟ್ಟರು ಎಂದು ಕೇಳೇ ಕೇಳುತ್ತಾರೆ.


ಬಿಳಿಹೊಲ, ಹಳಿಯಾಳ

ಐದು ಸಾವಿರ ಎಂದು ಮಾರ್ಕ ಹೇಳಿದ್ದು ಗಂಡಸರ ಲೆಕ್ಕ. ಹೆಂಗಸರು, ಮಕ್ಕಳು ಬೇರೆ ಎಂದು ಮತ್ತಾಯ 14:21ರಲ್ಲಿದೆ. ನಮ್ಮ ಹುಡುಗಿಯರು ಕೇಳುವ ಮೊದಲ ಪ್ರಶ್ನೆ ಅದು. ಅದೂ ಒಂದು ಸಾಲು ಬರಲಿ.


ಕಾಳಿದಂಡೆ, ಕಾರವಾರ

ಎರಡನ್ನೂ ಸೇರಿಸುತ್ತೇನೆ. ಶಿರಸಿಯವರೇ, 1 ಸಮುವೇಲ 12ರ ಟಿಪ್ಪಣಿ ನೀವು ಬರೆದುಕೊಡಿ, ನೀವು ಹೇಳಿದ ಹಾಗೆಯೇ, ತಿಂಗಳ ಸಮೇತ. ಐದಾರು ಸಾಲು ಸಾಕು. ಹೊನ್ನಾವರದ ಅಂಕಲ್ ಕೀರ್ತನೆಗಳನ್ನು ಓದಿ ದನಿ ಕಳಿಸಲು ಒಪ್ಪಿದರೆ ಗುಂಪಿನವರಿಗೆ ಬಹಳ ಖುಷಿಯಾಗುತ್ತದೆ.